ಚಾನಲ್ ಏರಿಯ ಮೇಲೆ ಭದ್ರಾವತಿಗೆ

ಆ ಭಾನುವಾರ ಬೆಳಿಗ್ಗೆ ಮಾಡಿದ ಕೆಲಸಗಳು ಇವು: ಹಾಲು ಕಾಯಿಸಿದ್ದು, ಬಾಗಿಲಿಗೆ ನೀರು ಹಾಕಿ ಎರಡೆಳೆ ರಂಗೋಲಿ ಎಳೆದದ್ದು, ರಾತ್ರಿ ನೆನೆಹಾಕಿದ್ದ ಬಟ್ಟೆ ಹಿಂಡಿ ಒಳಗೇ ಹರವಿದ್ದು, ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿದ್ದು, ಹುಳಿಯಾದ ಮಜ್ಜಿಗೆಯನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದದ್ದು, ಗ್ಯಾಸ್ ಆಫ್ ಮಾಡಿದ್ದು, ಮಾಡಿದೆನೋ ಇಲ್ಲವೋ ಎಂದು ಮತ್ತೆ ಒಳಗೆ ಹೋಗಿ ನೋಡಿದ್ದು, ಎರಡು ಸೈಕಲ್ಲಿಗೂ ಗಾಳಿ ಹೊಡೆದದ್ದು, ಪಕ್ಕದ ಮನೆಗೆ ಬೀಗದ ಕೈ ಕೊಟ್ಟದ್ದು. ಗಾಳಿ ಹೊಡೆದದ್ದು ನಮ್ಮ ಮನೆಯವರು. ಉಳಿದದ್ದು ನಾನು.

ಶಿವಮೊಗ್ಗದಿಂದ ಭದ್ರಾವತಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದೇವೆ ಎಂದಾಗ ಪಕ್ಕದ ಮನೆಯಾಕೆ ಬೀಗದ ಕೈ ಹಿಡಿದುಕೊಂಡೇ ನಕ್ಕಳು. “ಕೈ ಅಡ್ಡ ಹಾಕಿದ್ರೆ ಬಸ್ ನಿಲ್ಲುತ್ತೆ, ರೈಲಿದೆ. ನಿಮಗೇನಾಗಿದೆ ಮಾರಾಯ್ತಿ?”

ಅವಳು ಹೇಳಿದ್ದು ಸರಿಯೇ. ರೈಲಿನಲ್ಲಿ ಹೋಗಿ ಬರುತ್ತಲೂ ಇದ್ದೆವು. ತಲುಪುವುದು ನಮ್ಮ ತೊಂದರೆಯಾಗಿರಲಿಲ್ಲ. ಎರಡು ವರ್ಷದ ಹಿಂದೆ ದೊಡ್ಡ ರಸ್ತೆಯಲ್ಲಿ ಒಂದು ಲಾರಿ ಇವರ ಸ್ಕೂಟರನ್ನು ಸವರಿಕೊಂಡು ಹೋಗಿತ್ತು. ಕತ್ತಿನ ಕೆಳಗಿನ ಮೂಳೆ ಮುರಿದು ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ಸ್ಕೂಟರ್ ಮಾರಿದರು. ಆಫೀಸಿಗೆ ನಡೆದೇ ಹೋಗತೊಡಗಿದರು. ನನ್ನ ಗಾಡಿಯ ಹಿಂದೆ ಕೂತರೆ ಹಾರನ್ ಕೇಳಿದಾಗೆಲ್ಲ ನನ್ನ ಭುಜ ಹಿಡಿಯುತ್ತಿದ್ದರು. ಕಾಲೇಜು ಓದುವಾಗ ಭದ್ರಾವತಿ ನ್ಯೂ ಟೌನಿನಲ್ಲಿ ಆಗ ತಮ್ಮ ಅಕ್ಕನಿದ್ದ ಕ್ವಾರ್ಟರ್ಸಿನಿಂದ ಶಿವಮೊಗ್ಗಕ್ಕೆ ಎಷ್ಟೋ ದಿನ ಸೈಕಲ್ ತುಳಿದುಕೊಂಡು ಬಂದ ಮನುಷ್ಯ ಇವರು.

ಈ ಸಲದ ಮಳೆಗಾಲ ಮುಗಿಯುತ್ತಿದ್ದಂತೆ ಯಾರೋ ತುಳಿದು ಬಿಟ್ಟಿದ್ದ ಒಂದು ಗೇರ್ ಸೈಕಲ್ಲನ್ನು ತಂದು ಜಗಲಿಗೆ ಒರಗಿಸಿದರು. ದಪ್ಪ ಟೈರಿನದು.

“ದೊಡ್ಡ ರೋಡ್ ಮೇಲೆ ತುಳೀದೆ ಅಕ್ಕನ ಮನೆ ಬಾಗ್ಲಲ್ಲಿ ಹೋಗಿ ಇಳಿದ್ರೆ, ನನ್ನ ಕೈಲಿ ಇನ್ನೂ ಆಗುತ್ತೆ ಅಂತ ನಂಬ್ತೀನಿ. ಆಗ್ಲಿಲ್ಲ ಅಂದ್ರೆ ಇದನ್ನೂ ಮಾರಿಬಿಡ್ತೀನಿ” ಅಂದರು. ಹಾಗೆ ಅಂದರೆ ಮಾಡುವವರೇ.

ಅಲ್ಲಿಂದ ನಮ್ಮ ಭಾನುವಾರಗಳು ದಾರಿ ಹುಡುಕುವುದರಲ್ಲಿ ಕಳೆದವು. ಮಗಳು ಹೈಸ್ಕೂಲಿಗೆ ಹೋಗುವಾಗ ತುಳಿಯುತ್ತಿದ್ದ ಲೇಡೀಸ್ ಸೈಕಲ್ಲನ್ನು ನಾನು ಒರೆಸಿಕೊಂಡೆ. ಮೊದಲು ಅಭ್ಯಾಸಕ್ಕೆಂದು ಹೊಳಲೂರು ಕಡೆ ಹೋದೆವು. ಅಲ್ಲಿ ನೆಲ ಮಟ್ಟಸ, ಹೊಳೆ ಪಕ್ಕದಲ್ಲೇ ಇರುತ್ತದೆ, ದಾರಿ ತಪ್ಪಿದರೂ ಗಾಬರಿಯಿಲ್ಲ. ಭದ್ರಾವತಿ ಕಡೆ ಹಾಗಲ್ಲ. ನಾವು ಹಿಡಿದ ಕಡೆ ನೀರಾವರಿ ಕಾಲುವೆಯ ಏರಿ, ಎಲ್ಲರ ಬಾಯಲ್ಲಿ ಚಾನಲ್ ಏರಿ, ಅದು ಬಿಟ್ಟರೆ ದಿಬ್ಬ, ದಿಬ್ಬ ಇಳಿದರೆ ನೀಲಗಿರಿ ತೋಪು, ತೋಪು ದಾಟಿದರೆ ಮತ್ತೊಂದು ಚಾನಲ್.

ಇಷ್ಟು ವರ್ಷ ಈ ಊರಿನಲ್ಲಿದ್ದೂ ಚಾನಲ್ ಏರಿಯ ಮೇಲೆ ಇಷ್ಟುದ್ದ ದಾರಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ನೀರಾವರಿಯವರ ಜೀಪು ಓಡಾಡಲೆಂದು ಮಾಡಿದ್ದಂತೆ. ಜೀಪು ನಮಗೆ ಒಂದು ದಿನವೂ ಸಿಗಲಿಲ್ಲ. ಸಿಕ್ಕವರು ಬಟ್ಟೆ ಒಗೆಯುವವರು, ಸೌದೆ ಹೊತ್ತವರು, ಮನೆಯಲ್ಲಿ ಆಡಲಾಗದ ಮಾತನ್ನು ಫೋನಿನಲ್ಲಿ ಆಡಲು ಬಂದು ಕೂತ ಒಬ್ಬ ಯುವಕ. ಕೆಂಪು ಗ್ರಾವಲ್ ಮಣ್ಣು ಹಾಕಿ ಗಟ್ಟಿಯಾದ ಕಡೆ ಚಕ್ರ ಸದ್ದಿಲ್ಲದೆ ಓಡುತ್ತದೆ. ಬಿಡಿ ಜಲ್ಲಿ ಸುರಿದ ಕಡೆ ಹ್ಯಾಂಡಲ್ ಕೈ ಮಾತು ಕೇಳುವುದಿಲ್ಲ, ಅಂಚಿನಲ್ಲೇ ತುಳಿಯಬೇಕು. ಫೋನಿನ ಮ್ಯಾಪಿನಲ್ಲಿ ಬಿಳಿ ಗೆರೆ ತೋಪಿನ ನಡುವೆ ಕಡಿದುಹೋಗುತ್ತದೆ, ನೆಲದ ಮೇಲೆ ದಾರಿ ಮುಂದೆ ಹೋಗುತ್ತಲೇ ಇರುತ್ತದೆ. ಅದನ್ನು ಯಾರು ತುಳಿದು ಮಾಡಿದರು, ಯಾಕೆ ಅಲ್ಲಿ ಬಲಕ್ಕೆ ತಿರುಗಿಸಿದರು ಎಂದು ನಾನು ಕೇಳುತ್ತಲೇ ಇರುತ್ತಿದ್ದೆ. “ನಿನಗೆ ಭದ್ರಾವತಿ ಬೇಕೋ, ದಾರಿ ಹುಟ್ಟಿದ ಕಥೆ ಬೇಕೋ?” ಎಂದು ಇವರು ಬೈಯುತ್ತಿದ್ದರು. ನನಗೆ ಎರಡೂ ಬೇಕಾಗಿತ್ತು.

ಒಮ್ಮೆ ಎಮ್ಮೆ ಮೈತೊಳೆಯುತ್ತಿದ್ದವರನ್ನು ಕೇಳಿದೆ: “ಈ ಏರಿ ಹಿಡಿದ್ರೆ ಭದ್ರಾವತಿ ಸಿಗುತ್ತಾ?”

“ನೀರು ಆ ಕಡೆಯಿಂದ್ಲೇ ಬರೋದು” ಅಂದರು. “ನೀವು ಹೋಗ್ತೀರೋ ಇಲ್ವೋ ನನಗೆ ಹೇಗೆ ಗೊತ್ತು?”

ಹೀಗೆ ಕೇಳಿ ಕೇಳಿ, ತುಂಡು ತುಂಡಾಗಿ ದಾರಿ ಜೋಡಿಸಿಕೊಂಡೆವು. ಊರು ಸೇರುವ ಮುಂಚೆ ದೊಡ್ಡ ರಸ್ತೆಯನ್ನು ಒಂದೇ ಕಡೆ ಅಡ್ಡ ದಾಟಬೇಕಿತ್ತು. ಅದನ್ನು ಇಳಿದು ನಡೆದು ದಾಟುವುದು, ಅದು ಲೆಕ್ಕಕ್ಕಿಲ್ಲ ಎಂದು ಇವರೇ ತೀರ್ಪು ಕೊಟ್ಟುಕೊಂಡಿದ್ದರು.

ಹೊರಟ ದಿನ ಚಳಿ ಹಿತವಾಗಿತ್ತು. ದಿಬ್ಬದ ಏರಿನಲ್ಲಿ ನಾನು ಇಳಿದು ತಳ್ಳಿದೆ, ಇವರು ಗೇರ್ ಬದಲಿಸಿ ಬದಲಿಸಿ ತುದಿ ಮುಟ್ಟಿ ನನಗಾಗಿ ಕಾದರು. ತೋಪಿನ ನೆರಳಲ್ಲಿ ಚಿತ್ರಾನ್ನ ತಿಂದೆವು. ಎರಡನೆಯ ಚಾನಲ್ಲಿನ ಏರಿ ಹತ್ತಿದ ಮೇಲೆ ಮುಕ್ಕಾಲು ಗೆದ್ದ ಹಾಗೆ ಎಂದುಕೊಂಡು ಒಂದು ತಿರುವು ಹಾಕಿದರೆ, ಎದುರಿಗೆ ದಾರಿಯೇ ಇಲ್ಲ. ಒಂದು ಕೂಗಳತೆ ದೂರದವರೆಗೂ ಟಾರ್ಪಾಲು ಹಾಸಿ ಭತ್ತ ಹರವಿದ್ದರು. ಎಡಕ್ಕೆ ಚಾನಲ್, ಬಲಕ್ಕೆ ಮುಳ್ಳು ಬೆಳೆದ ಇಳಿಜಾರು, ನಡುವೆ ಅಂಚಿನಿಂದ ಅಂಚಿಗೆ ಭತ್ತ.

ಹಿಂದಿನ ವಾರ ಇಲ್ಲಿಯೇ ನಿಂತು, ಗದ್ದೆಯಲ್ಲಿ ಬಾಗಿದ್ದ ತೆನೆ ನೋಡಿ ಎಷ್ಟು ಚೆಂದ ಎಂದಿದ್ದೆವು. ಅದನ್ನು ಕೊಯ್ದ ಮೇಲೆ ಎಲ್ಲಿ ಒಣಗಿಸುತ್ತಾರೆ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಗಾಡಿ ಓಡಾಡದ, ಗಟ್ಟಿ ನೆಲದ, ಬಿಸಿಲು ಬೀಳುವ ದಾರಿ ನಮಗೆ ಎಷ್ಟು ಬೇಕೋ ಭತ್ತಕ್ಕೂ ಅಷ್ಟೇ ಬೇಕು.

ತಲೆಗೆ ಟವೆಲ್ ಸುತ್ತಿಕೊಂಡ ಹೆಂಗಸೊಬ್ಬರು ಕೋಳಿ ಓಡಿಸುತ್ತ ಕೂತಿದ್ದರು. ನನಗಿಂತ ಹಿರಿಯರು.

“ಬನ್ನಿ, ಮೇಲೇ ತುಳ್ಕೊಂಡು ಹೋಗಿ. ಟ್ರ್ಯಾಕ್ಟರೇ ಹತ್ತಿಸ್ತಾರೆ, ನಿಮ್ಮ ಸೈಕಲ್ ಏನು ಮಹಾ” ಅಂದರು.

ಇವರು ಇಳಿದುಬಿಟ್ಟರು. “ತಿನ್ನೋ ಅನ್ನದ ಮೇಲೆ ಚಕ್ರ ಹತ್ತಿಸೋದಾ? ಅದಾಗಲ್ಲ.”

“ಅನ್ನ ಆಗೋಕೆ ಇನ್ನೂ ಬೇಕಾದಷ್ಟು ಟೈಮಿದೆ ಮಾರಾಯ್ರೇ. ಈಗ ಬರೀ ಭತ್ತ.”

“ಬೇರೆ ದಾರಿ ಇಲ್ವಾ ಅಮ್ಮ?”

“ಇದ್ಯಲ್ಲ. ಹಿಂದೆ ಒಂದು ಇಳಿಜಾರು ಬಂತಲ್ಲ, ಅಲ್ಲಿ ಇಳಿದ್ರೆ ಸೀದಾ ದೊಡ್ಡ ರೋಡು. ಟಾರ್ ರೋಡು, ಸಲೀಸಾಗಿ ಹೋಗ್ಬಹುದು.”

ಗದ್ದೆಗಳಾಚೆಯಿಂದ ಲಾರಿಗಳ ಸದ್ದು ತೆಳುವಾಗಿ ಬರುತ್ತಿತ್ತು. ಇವರು ಹ್ಯಾಂಡಲ್ಲನ್ನು ಬಂದ ದಾರಿಯ ಕಡೆಗೆ ಅರ್ಧ ತಿರುಗಿಸಿದ್ದನ್ನು ನೋಡಿದೆ. ಇವತ್ತು ಮನೆಗೆ ತಿರುಗಿದರೆ ಆ ಸೈಕಲ್ ಮುಂದಿನ ವಾರ ಜಗಲಿಯಲ್ಲಿ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಭತ್ತದ ಮೇಲೆ ತುಳಿಯಿರಿ ಎನ್ನಲು ನನಗೂ ಬಾಯಿ ಬರಲಿಲ್ಲ. ಒಂದು ಕಾಳು ಕಾಲಿಗೆ ಸಿಕ್ಕರೆ ಕಣ್ಣಿಗೊತ್ತಿಕೊಂಡು ಬೆಳೆದವರು ನಾವಿಬ್ಬರೂ.

ಆ ಹೆಂಗಸು ನಮ್ಮಿಬ್ಬರ ಮುಖ ನೋಡಿದರು. “ನಾವೂ ಕಾಲಿಡದೆ ಒಣಗಿಸಲ್ಲ ಇದನ್ನ. ಕಾಲಾಡಿಸ್ಬೇಕು, ಇಲ್ದಿದ್ರೆ ಅಡಿ ಭತ್ತಕ್ಕೆ ಬಿಸಿಲು ತಾಗಲ್ಲ. ಚಪ್ಪಲಿ ಬಿಡಿ. ಪಾದ ಎತ್ತದೆ ಎಳ್ಕೊಂಡು ನಡೀರಿ. ಆ ಕಡೆ ಅರ್ಧ ನಾನಿನ್ನೂ ಆಡಿಸಿಲ್ಲ. ನನ್ನ ಕೆಲಸಾನೂ ಆಗುತ್ತೆ, ನಿಮ್ಮ ಪಾಪಾನೂ ಕಳೆಯುತ್ತೆ.”

“ಸೈಕಲ್ಲು?”

“ಅದಕ್ಕೆ ಕಾಲಿಲ್ಲ. ನೀವೇ ಹೊರಬೇಕು.”

ಇವರು ಬೂಟು ಬಿಚ್ಚಿ ಹ್ಯಾಂಡಲ್ಲಿಗೆ ಕಟ್ಟಿದರು, ಪ್ಯಾಂಟು ಮಡಚಿದರು, ಮೂಳೆ ಮುರಿಯದ ಕಡೆಯ ಭುಜಕ್ಕೆ ಸೈಕಲ್ ಏರಿಸಿದರು. ಪಾದ ಎಳೆಯುತ್ತ ಹೊರಟರು. ಹಿಂದೆ ಎರಡು ಸಾಲು ಬಿದ್ದವು, ಅಡಿಯ ಹಸಿ ಭತ್ತ ಗಾಢ ಬಣ್ಣದಲ್ಲಿ ಮೇಲೆ ಬಂತು. ಆಚೆ ತುದಿಗೆ ಸೈಕಲ್ ಇಟ್ಟು ಬರಿಗೈಯಲ್ಲಿ ವಾಪಸು ಬಂದರು. ನನ್ನದಕ್ಕೆ ಕ್ಯಾರಿಯರ್ ಇದ್ದು ಭಾರ. ಮುಂದೆ ಇವರು, ಹಿಂದೆ ನಾನು, ಹೆಣ ಹೊತ್ತ ಹಾಗೆ ಹೊತ್ತೆವು. ಬಿಸಿಲಿಗೆ ಮೇಲಿನ ಭತ್ತ ಬೆಚ್ಚಗೆ, ಅಡಿಯದು ತಣ್ಣಗೆ. ಒಂದೇ ಹೆಜ್ಜೆಯಲ್ಲಿ ಎರಡೂ ಪಾದಕ್ಕೆ ತಿಳಿಯುತ್ತಿತ್ತು.

“ಏನ್ರೀ, ಸಾಲು ಪೂರ್ತಿ ಸೊಟ್ಟ. ನಡುವೆ ಒಂದು ಪಟ್ಟಿ ಹಾಗೇ ಬಿಟ್ರಿ” ಎಂದು ಆಕೆ ಹಿಂದಿನಿಂದ ಕೂಗಿದರು.

“ಸೈಕಲ್ ಹೊತ್ಕೊಂಡು ನೆಟ್ಟಗೆ ನಡೆಯೋದು ಹೇಗಮ್ಮ?”

“ಈಗ ಹೊತ್ತಿಲ್ವಲ್ಲ, ಬನ್ನಿ.”

ನಾನು ಬೇಡ ಎನ್ನುವಷ್ಟರಲ್ಲಿ ಇವರು ಹೋಗಿಯೇಬಿಟ್ಟರು. ಬಿಟ್ಟ ಪಟ್ಟಿಯನ್ನು ಆಡಿಸಿ, ಆಕೆಯ ಹತ್ತಿರ ನಿಂತು ಏನೋ ಕೇಳಿ ನಕ್ಕು, ಇನ್ನೊಂದು ಸಾಲು ಹಾಕಿಕೊಂಡೇ ಬಂದರು. ಏನು ಕೇಳಿದಿರಿ ಎಂದರೆ, “ಈ ಏರಿ ಮುಂದೆ ಎಲ್ಲಿಗೆ ಹೋಗುತ್ತೆ ಅಂದೆ. ಎಡಗಡೆ ಇನ್ನೊಂದು ಕವಲು ಇದೆಯಂತೆ” ಅಂದರು. ನನ್ನ ರೋಗ ಇವರಿಗೂ ಅಂಟಿತ್ತು.

ಅಲ್ಲಿಂದ ಮುಂದೆ ಗಾಳಿಯಲ್ಲಿ ಬೆಲ್ಲ ಕಾಯುವ ವಾಸನೆ ಬಂತು. ಎಲ್ಲೋ ಆಲೆಮನೆ. ಏರಿ ಇಳಿದು ದೊಡ್ಡ ರಸ್ತೆ ದಾಟುವ ಜಾಗಕ್ಕೆ ಬಂದೆವು. ಇವರು ಇಳಿದು ನಿಂತರು. ಲಾರಿ, ಬಸ್ಸು, ಮತ್ತೆ ಲಾರಿ. ದಾಟಬಹುದಾದ ಸಂದಿಗಳು ಎಷ್ಟೋ ಹೋದವು. ನಾನು ದಾರಿಬದಿಯ ಹಣ್ಣಿನ ಗಾಡಿಯಲ್ಲಿ ಪೇರಲೆ ಆರಿಸುತ್ತ ನಿಂತೆ. ತಿರುಗಿ ನೋಡಿದಾಗ ಅವರು ಆಚೆ ಬದಿಯಲ್ಲಿದ್ದರು, ನನಗೆ ಬಾ ಎಂದು ಕೈ ಬೀಸುತ್ತಿದ್ದರು.

ಕ್ವಾರ್ಟರ್ಸ್ ಬಿಟ್ಟ ಮೇಲೆ ಅಕ್ಕ ಓಲ್ಡ್ ಟೌನಿನಲ್ಲಿ ಮಾಡಿದ್ದ ಮನೆಯ ಬಾಗಿಲಿಗೆ ತುಳಿದುಕೊಂಡೇ ಹೋದರು. ಮಂಡಿ ನೋವಿನ ಅಕ್ಕ ಗೋಡೆ ಹಿಡಿದು ಹೊರಗೆ ಬಂದು ತಮ್ಮನನ್ನೂ ಸೈಕಲ್ಲನ್ನೂ ನೋಡಿದರು. ಆಮೇಲೆ ಕಾಲು ನೋಡಿದರು.

“ಯಾರ ಕಣದಲ್ಲಿ ಕೂಲಿಗೆ ಹೋಗಿದ್ಯೋ? ಭತ್ತದ ಧೂಳು ಮೈಗೆಲ್ಲ ಅಂಟಿದೆ. ಕೆರ್ಕೊಂಡು ಒಳಗೆ ಬರ್ಬೇಡ, ಹಿತ್ತಲಲ್ಲಿ ಬಿಸಿನೀರಿದೆ.”

ಸಂಜೆ ಒಲೆ ಹಚ್ಚುವಾಗ ಮೊಸರಿಲ್ಲ ಎಂದು ಅಕ್ಕನಿಗೆ ನೆನಪಾಯಿತು. ಡೈರಿ ಇರುವುದು ಪೇಟೆ ಬೀದಿಯ ಆ ತುದಿಯಲ್ಲಿ. ಆ ಹೊತ್ತಿಗೆ ಅಲ್ಲಿ ಆಟೋ, ತಳ್ಳುಗಾಡಿ, ಬೈಕು ಒಂದರ ಮೇಲೊಂದು. ನಾನು ಸೆರಗು ಸರಿಮಾಡಿಕೊಂಡು ಏಳುತ್ತಿದ್ದೆ.

“ನಾನ್ ಹೋಗ್ತೀನಿ, ಇರು” ಎಂದು ಇವರು ಎದ್ದರು. ಸೈಕಲ್ ಸ್ಟ್ಯಾಂಡ್ ತೆಗೆದ ಸದ್ದು ಕೇಳಿಸಿತು. ಬಾಗಿಲಿಗೆ ಹೋಗಿ ನೋಡಬೇಕೆನ್ನಿಸಿತು. ಹೋಗಲಿಲ್ಲ, ಅವರೆಕಾಳು ಹಿತುಕುತ್ತಾ ಕೂತೆ. ಅಕ್ಕನೂ ಒಂದು ಕಿವಿ ಬೀದಿಗೆ ಕೊಟ್ಟು ಹಿತುಕುತ್ತಿದ್ದರು. ಕಾಳು ಮುಗಿಯುವ ಮುಂಚೆ ಮೊಸರು ಬಂತು. “ಏನ್ ರಶ್ಶೋ” ಎಂದಷ್ಟೇ ಹೇಳಿ ಪ್ಯಾಕೆಟ್ ನನ್ನ ಕೈಗೆ ಕೊಟ್ಟರು.

ರಾತ್ರಿ ಊಟಕ್ಕೆ ಅಕ್ಕಿ ರೊಟ್ಟಿ, ಹಿತುಕಿದ ಅವರೆಕಾಳಿನ ಸಾರು, ಅನ್ನ ಮೊಸರು, ಕೊನೆಗೆ ಒಂದೊಂದು ಪೇರಲೆ. ಮೊದಲು ನಿದ್ದೆ ಹೋದದ್ದು ಅಕ್ಕ, ಕೂತಲ್ಲೇ, ನಮ್ಮ ದಾರಿಯ ವಿವರ ಅರ್ಧ ಕೇಳುತ್ತ. ಆಮೇಲೆ ನಾನು. ಇವರು ಆಗಲೂ ಫೋನಿನ ಮ್ಯಾಪು ಹಿಗ್ಗಿಸಿಕೊಂಡು ಆ ಎಡಗಡೆಯ ಕವಲನ್ನು ಹುಡುಕುತ್ತಿದ್ದರು.