ಕಟ್ಟು ಹಾಕಿಸಿದ ಕೋವಿ

ಕೋವಿಗೆ ಪೂಜೆಯಾಗದೆ ನಮ್ಮ ಕೊಡವರಿಗೆ ಕೈಲ್ ಮುಹೂರ್ತ ಹಬ್ಬವೇ ಇಲ್ಲ. ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿದಾಗ ನಾನು ಮೊದಲು ಓದಿದ್ದೇ ಒಮಾನಿನ ಬಂದೂಕಿನ ಕಾನೂನು. ಅನುಮತಿಯಿಲ್ಲದೆ ತರುವಂತಿಲ್ಲ. ಸರಿ, ಹೂ ಮುಡಿಸಿದ ಕೋವಿಯ ಫೋಟೊಗೆ ಕಟ್ಟು ಹಾಕಿಸಿ ತಂದೆ.

ಮಸ್ಕತ್ತಿನ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿ ಪೆಟ್ಟಿಗೆ ಬಿಚ್ಚಿದವನೇ ಹಿಂದಿಯಲ್ಲಿ ಗುಡುಗಿದ: "ಇದರ ಅಸಲಿ ಎಲ್ಲಿ?"

"ಊರಲ್ಲಿದೆ ಸಾರ್. ನಿಮ್ಮ ಕಾನೂನು ಓದಿಕೊಂಡೇ ಬಂದಿದ್ದೇನೆ. ಇದು ಪೂಜೆಗೆ."

"ಓದಿಕೊಂಡು ಬಂದವನನ್ನು ಇವತ್ತೇ ನೋಡಿದ್ದು! ಖಲಾಸ್, ಹೋಗು." ನಗುತ್ತಾ ಫೋಟೊವನ್ನು ತಾನೇ ಜೋಪಾನವಾಗಿ ಬಟ್ಟೆಯೊಳಗಿಟ್ಟ.

ಹಬ್ಬದ ದಿನ ಘಾಲಾ ಬಡಾವಣೆಯ ನನ್ನ ಕೋಣೆಯಲ್ಲಿ ಫೋಟೊಗೇ ಪೂಜೆ ಮಾಡಿದೆ. ಊರಲ್ಲಾದರೆ ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ. ಇಲ್ಲಿ ಮೆಟ್ಟಿಲಿಗೆ ಕುಕ್ಕಿದೆ, ಒಂದೇ ಏಟಿಗೆ ಎರಡು ಹೋಳು. ಊರಲ್ಲಿ ಕೋವಿ ಹಿಡಿದು ಒಂದು ವರ್ಷವೂ ನನ್ನ ಗುರಿ ತಾಗಿದ್ದಿಲ್ಲ.