ಹಗೇವಿನ ತಳದ ರಾಗಿ

ಹೊಳಲ್ಕೆರೆಯ ದೊಡ್ಡಮನೆಗಳವರಿಗೆ ಬೋರಯ್ಯನ ನೆನಪಾಗುತ್ತಿದ್ದದ್ದು ಹಗೇವು ತೆಗೆಯುವಾಗ ಮಾತ್ರ. ರಾಗಿ ಕೂಡಿಡಲು ಅಂಗಳದಲ್ಲಿ ತೋಡಿದ ಆ ಗುಂಡಿಗೆ ಬಾಯಿ ಸಣ್ಣದು, ಒಬ್ಬ ಮನುಷ್ಯ ತೂರುವಷ್ಟು. ಒಳಗೆ ಹೊಟ್ಟೆ ದೊಡ್ಡದು. ವರ್ಷಗಟ್ಟಲೆ ಮುಚ್ಚಿಟ್ಟ ಆ ಹೊಟ್ಟೆಯೊಳಗೆ ಇಳಿಯುವುದು ಬೋರಯ್ಯನ ಮನೆತನದ ಕೆಲಸ. ಯಾವನು ಪಡಸಾಲೆಯ ಮೆಟ್ಟಿಲು ಹತ್ತಿದರೆ ಮನೆ ಮೈಲಿಗೆಯಾಗುತ್ತಿತ್ತೋ ಅವನು ಅದೇ ಮನೆಯವರು ಉಣ್ಣುವ ರಾಗಿಯ ನಡುವೆ ನಿಲ್ಲಬಹುದಿತ್ತು. ಇದರಲ್ಲಿ ಯಾರಿಗೂ ವಿಚಿತ್ರ ಕಾಣಲಿಲ್ಲ.

ಬೋರಯ್ಯ ಅವಸರದವನಲ್ಲ. ಬಾಯಿಗಲ್ಲು ಸರಿಸಿ ಹಗಲೆಲ್ಲ ಹಾಗೇ ಬಿಡುತ್ತಿದ್ದ. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದ. ದೀಪ ಉರಿದರೆ ತಾನೂ ಇಳಿಯುತ್ತಿದ್ದ. ಆರಿದರೆ ಅಂಚಿನಲ್ಲಿ ಕುಳಿತು ಎಲೆಯಡಿಕೆ ಜಗಿಯುತ್ತಿದ್ದ. "ಏನಲೇ, ಹೆದ್ರಿಕೆನಾ?" ಎಂದು ಯಜಮಾನರು ಗದರಿದರೆ, "ಅದು ಇನ್ನೂ ಕೆಟ್ಟ ಉಸ್ರು ಬಿಡ್ತಾ ಐತೆ ಸಾವ್ಕಾರ್ರೆ. ಅದು ಬಿಟ್ಟಿದ್ದನ್ನ ನಾನು ಎಳ್ಕಂಡ್ರೆ, ನನ್ನ ಉಸ್ರು ಅಲ್ಲೇ ಉಳ್ಕಂತೈತೆ" ಎನ್ನುತ್ತಿದ್ದ.

ಮೇಲಿನ ರಾಗಿ ಮನೆಯವರದು. ತಳಕ್ಕೆ ಅಂಟಿ, ಕಪ್ಪಾಗಿ, ಮುಗ್ಗಲು ಹಿಡಿದದ್ದು ಇಳಿದವನದು. ಇದು ಊರಿನ ಕಟ್ಟಳೆ. ಕೂಲಿಗೆ, ಹಬ್ಬಕ್ಕೆ, ಹಳೇ ಬಟ್ಟೆಗೆ ಕೈಯೊಡ್ಡಿಯೇ ಬಾಳಿದ ಬೋರಯ್ಯನಿಗೆ ಕೈಯೊಡ್ಡದೆ ದಕ್ಕುತ್ತಿದ್ದದ್ದು ಇದೊಂದೇ. ಅವನ ಹೆಂಡತಿ ಮಲ್ಲಕ್ಕ ಅದನ್ನು ತೊಳೆದು, ಒಣಗಿಸಿ, ಬೀಸಲು ಕೂತಾಗ ನೆರೆಯವಳು ಮೂಗು ಮುಚ್ಚಿಕೊಳ್ಳುತ್ತಿದ್ದಳು. "ನಾತ ಬಂದ್ರೆ ಬರ್ಲಿ ಬಿಡೇ. ಇದು ಬೇಡಿ ತಂದಿದ್ದಲ್ಲ, ನಮ್ಮ ಹಕ್ಕಿಂದು" ಎಂದು ಮಲ್ಲಕ್ಕ ಇನ್ನೂ ಜೋರಾಗಿ ಬೀಸುತ್ತಿದ್ದಳು.

ಪ್ಲೇಗು ಕಳೆದ ಮೇಲೆ ಊರಿನ ಉಳ್ಳವರಿಗೆ ಮನೆ ದೊಡ್ಡದು ಮಾಡುವ ಹುಚ್ಚು ಹತ್ತಿತು. ಅಡಿಕೆ ವ್ಯಾಪಾರದ ಪಂಚಾಕ್ಷರಪ್ಪನಿಗೂ ಹತ್ತಿತು. ಮಣ್ಣಿನ ಮಾಳಿಗೆ ಕಿತ್ತು ಮಂಗಳೂರು ಹೆಂಚು ಹೊದಿಸಲು ಅವನು ದುರ್ಗದಿಂದ ಕಂಟ್ರಾಕ್ಟರ್ ಕಾಟಲಿಂಗಪ್ಪನನ್ನು ಕರೆಸಿದ. ಹಗೇವು ತೋರಿಸಲೆಂದು ಬೋರಯ್ಯನಿಗೂ ಹೇಳಿಕಳಿಸಿದ್ದ. ಇಬ್ಬರು ಜಗಲಿಯ ಮೇಲೆ ಕೂತರು, ಒಬ್ಬ ಬಿಸಿಲಲ್ಲಿ ನಿಂತ.

"ಪಡಸಾಲೆ ಈ ಅಂಗಳದ ತನಕ ಬರ್ಬೇಕು ನೋಡ್ರಿ. ಅಮಲ್ದಾರ್ರು ಬಂದ್ರೆ ಕುದುರೆ ಇಳಿದು ಸೀದಾ ನೆರಳಿಗೆ ಕಾಲಿಡ್ಬೇಕು" ಎಂದ ಪಂಚಾಕ್ಷರಪ್ಪ.

"ಇಡಿಸಾಣ. ಆದ್ರೆ ಹಗೇವು ಅಡ್ಡ ಐತಲ್ರಿ. ಕಂಬ ಬೀಳೋದು ಅದರ ನೆತ್ತಿ ಮ್ಯಾಲೇನೆ. ಖಾಲಿ ಮಾಡಿ ಕಲ್ಲು ಮಣ್ಣು ತುಂಬ್ಬೇಕು. ಅದು ಬ್ಯಾರೆ ಕೆಲ್ಸ."

"ಬ್ಯಾರೆ ಹೆಂಗಾತು? ಮನೆ ಒಳಗಿಂದೇ ಅಲ್ವೇನ್ರಿ?"

"ಮನೆ ಒಳಗೆ ನಿಮ್ಮತ್ತೇರೂ ಅವ್ರೆ. ಅವ್ರನ್ನೂ ನಾನೇ ರಿಪೇರಿ ಮಾಡ್ಲಾ?"

ಪಂಚಾಕ್ಷರಪ್ಪ ನಕ್ಕ. ನಕ್ಕವನು ಸೋಲಲಿಲ್ಲ.

"ಹೋಗ್ಲಿ, ಹಳೇ ತೊಲೆ ನನಗೆ ಬಿಡ್ರಿ" ಎಂದ ಕಂಟ್ರಾಕ್ಟರ್.

"ತೇಗ ರೀ ಅದು! ನಮ್ಮಪ್ಪ ಗಾಡಿ ಕಟ್ಟಿ ತಂದಿದ್ದು. ಕೇಳಾಕೆ ನಾಚ್ಕೆ ಆಗಲ್ವಾ?"

"ಬಾಗಿಲು?"

"ಇಲ್ಲ."

"ಮಾಳಿಗೆ ಮಣ್ಣು?"

"ತೋಟಕ್ಕೆ ಬೇಕು."

"ಮತ್ತೆ ನನಗೇನ್ರಿ, ಬೆಳಕಿಂಡಿನಾ?"

ಪಂಚಾಕ್ಷರಪ್ಪ ಅಂಗಳದತ್ತ ಕಣ್ಣು ಹಾಯಿಸಿದ. ಪ್ಲೇಗಿನ ಗಲಾಟೆಯಲ್ಲಿ ಮೇಲಿನ ರಾಗಿ ಮಾತ್ರ ತೆಗೆಸಿ, ತಳ ಕೆರೆಯದೆ ಹಗೇವಿನ ಬಾಯಿ ಮುಚ್ಚಿಸಿದ್ದ. ಆ ತಳಕ್ಕಾಗಿಯೇ ಬೋರಯ್ಯ ಅಂದಿನಿಂದ ಕಾದಿದ್ದ.

"ತಳದ ರಾಗಿ ತಗಳ್ರಿ. ನಿಮ್ಮ ಆಳುಗಳ ಮುದ್ದೆಗಾಗ್ತೈತೆ."

ತನ್ನದಲ್ಲದ್ದನ್ನು ಕೊಡುವಾಗ ಮನುಷ್ಯನ ಕೈ ಎಷ್ಟು ಧಾರಾಳ!

"ಸಾವ್ಕಾರ್ರೆ, ಅದು ಇಳಿದೋನ್ದು" ಎಂದ ಬೋರಯ್ಯ.

"ಹೌದಲೇ, ಯಾರು ಇಲ್ಲ ಅಂದ್ರು? ನಾಳೆ ಇಳಿಯೋದು ಇವರ ಆಳು."

"ನಮ್ಮಪ್ಪನ ಕಾಲ್ದಿಂದ..."

"ನಿಮ್ಮಪ್ಪನ ಕಾಲ್ದಾಗೆ ಗುಂಡಿ ಇತ್ತು. ಇನ್ನು ಗುಂಡಿನೇ ಇರಲ್ಲ, ನಿನ್ನ ಹಕ್ಕು ಎಲ್ಲಿ ಇಡ್ಲಲೇ?"

"ಇವನನ್ನೂ ಒಳಗಿಟ್ಟೇ ತುಂಬ್ತೀನಿ ಬಿಡ್ರಿ. ಹಕ್ಕು ಎಲ್ಲಿಗೂ ಹೋಗಲ್ಲ" ಎಂದ ಕಾಟಲಿಂಗಪ್ಪ. ಜಗಲಿ ಕುಲುಕುವಂತೆ ಇಬ್ಬರೂ ನಕ್ಕರು.

ಬೋರಯ್ಯ ನಗು ನಿಲ್ಲುವ ತನಕ ಕಾದ. "ಅವರ ಆಳಿಗಿಂತ ಮೊದ್ಲು ನಾನಿಳಿದ್ರೆ?"

"ಇಳ್ಕ ಹೋಗು. ಆಳು ಬರೋದ್ರೊಳಗೆ ತೆಗೆದಷ್ಟು ನಿಂದು" ಎಂದ ಪಂಚಾಕ್ಷರಪ್ಪ.

ತಮಾಷೆಗೆ ಆಡಿದ ಮಾತು. ಹಸಿದವನಿಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ.

ಮರುದಿನ ಬೆಳಕು ಹರಿಯುತ್ತಲೇ ಗಂಡ ಹೆಂಡತಿ ಬಿದಿರಿನ ಪುಟ್ಟಿ, ಹಗ್ಗ, ದೀಪ ಹಿಡಿದು ಬಂದರು. ಬಾಯಿಗಲ್ಲು ಸರಿಸಿದಾಗ ಹುಳಿ ನಾತ ಮುಖಕ್ಕೆ ಹೊಡೆಯಿತು. ಅಷ್ಟರಲ್ಲೇ ಬೀದಿಯ ತುದಿಯಲ್ಲಿ ಕಂಟ್ರಾಕ್ಟರನ ಗಾಡಿಗಳ ಸದ್ದು.

"ದೀಪ ಬಿಟ್ಟು ನೋಡಲ್ವಾ?" ಎಂದಳು ಮಲ್ಲಕ್ಕ.

"ದೀಪ ಉರಿಯೋ ತನಕ ಕುಂತ್ರೆ ಅವರು ನನ್ನ ತಲೆ ಮ್ಯಾಲೆ ಇಳೀತಾರೆ ಕಣೇ. ಉಸ್ರು ಕಟ್ಕಂಡು ಬಂದ್ಬಿಡ್ತೀನಿ."

ಜೀವಮಾನವೆಲ್ಲ ದೀಪ ನೋಡಿ ಇಳಿದವನು ಅಂದು ಗಾಡಿ ನೋಡಿ ಇಳಿದ. ಒಂದು ಪುಟ್ಟಿ ರಾಗಿ ಹೊತ್ತು ಮೇಲೆ ಬಂದ, ಬಾಯಿ ತುಂಬ ಗಾಳಿ ಎಳೆದುಕೊಂಡ, ಹೆಂಡತಿಯನ್ನು ನೋಡಿ ನಕ್ಕ, ಮತ್ತೆ ಇಳಿದ. ಹಗ್ಗ ಒಮ್ಮೆ ಅಲುಗಿ ಸುಮ್ಮನಾಯಿತು.

ಮಲ್ಲಕ್ಕ ಕೂಗಿದಳು, ಎದೆ ಬಡಿದುಕೊಂಡಳು. ಇಳಿಯಹೋದವಳನ್ನು ಆಗತಾನೆ ಗಾಡಿ ಇಳಿದ ಆಳುಗಳು ಹಿಡಿದು ಕೂರಿಸಿದರು. ಅವಳ ಮುಂದೆಯೇ ಜಗಲಿಯ ಮೇಲೆ ಚೌಕಾಸಿ ಮತ್ತೆ ಶುರುವಾಯಿತು.

"ಎತ್ತಿಸ್ರಿ" ಎಂದ ಪಂಚಾಕ್ಷರಪ್ಪ.

"ಇದು ನಮ್ಮ ಮಾತಿನಾಗೆ ಇರ್ಲಿಲ್ಲ ಸ್ವಾಮಿ."

"ಖಾಲಿ ಮಾಡಿ ತುಂಬ್ತೀನಿ ಅಂದಿದ್ರಿ."

"ರಾಗಿ ಖಾಲಿ ಮಾಡ್ತೀನಿ ಅಂದಿದ್ದೆ. ಹೆಣ ಅಂದಿದ್ನಾ? ನಮ್ಮ ಆಳು ಸುಮ್ನೆ ಕುಂತಿದ್ದಕ್ಕೆ ಕೂಲಿ ಯಾರು ಕೊಡ್ತಾರೆ?"

"ಮನೆಗೆ ಸೂತಕ ತಂದವನು ಅವನು. ನನ್ನ ಯಾಕೆ ಸುಲೀತೀರಿ?"

ಬಿಸಿಲು ಏರುವ ತನಕ ಎಳೆದಾಡಿ ಕೊನೆಗೆ ಒಂದು ತೇಗದ ತೊಲೆಗೆ ಒಪ್ಪಂದವಾಯಿತು. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ ತರಿಸಿ, ಅದರ ಕೊಕ್ಕೆಗಳಿಗೆ ಸಿಕ್ಕಿಸಿ ಬೋರಯ್ಯನನ್ನು ಮೇಲಕ್ಕೆಳೆದರು. ಬೆರಳುಗಳಲ್ಲಿ ರಾಗಿ ಮೆತ್ತಿಕೊಂಡಿತ್ತು.

ಮಣ್ಣು ಮಾಡಿ ಬಂದ ಮೇಲೆ ಮಲ್ಲಕ್ಕ ಅಂಗಳದಲ್ಲೇ ಉಳಿದಿದ್ದ ಪುಟ್ಟಿಗಾಗಿ ಬಂದಳು. ಮನೆಯಲ್ಲಿ ಮಕ್ಕಳು ಉಂಡಿರಲಿಲ್ಲ. ಆಳುಗಳು ಆಗಲೇ ಹಗೇವಿಗೆ ಕಲ್ಲು ಸುರಿಯುತ್ತಿದ್ದರು. ಪಂಚಾಕ್ಷರಪ್ಪ ಜಗಲಿಯಿಂದ ಇಳಿದು ಬಂದ.

"ಒಯ್ಯಿ ತಾಯಿ. ಈ ಪಂಚಾಕ್ಷರಪ್ಪ ಎಂದಾದ್ರೂ ದಾನಕ್ಕೆ ಇಲ್ಲ ಅಂದಿದ್ದಾನಾ?"

"ಇದು ನಮ್ಮ ಹಕ್ಕಿಂದು ಸಾವ್ಕಾರ್ರೆ. ಅವ್ರು ಇಳಿದು ತೆಗೆದಿದ್ದು."

ಅವನು ಮೆಲ್ಲಗೆ ಪುಟ್ಟಿಯ ಅಂಚಿನ ಮೇಲೆ ಕಾಲಿಟ್ಟ.

"ಏನಂದೆ?"

ಆಳುಗಳ ಕೈ ನಿಂತಿತು. ಮಲ್ಲಕ್ಕ ಪುಟ್ಟಿ ನೋಡಿದಳು, ಆ ಕಾಲು ನೋಡಿದಳು.

"ದಾನ ಸಾವ್ಕಾರ್ರೆ."

"ಕೇಳಿಸ್ಲಿಲ್ಲ. ಅವ್ರಿಗೂ ಕೇಳಿಸ್ಲಿ."

"ದಾನ ಸಾವ್ಕಾರ್ರೆ."

ಕಾಲು ತೆಗೆದ.

ಅಮಲ್ದಾರರಿಗೆಂದು ಕಟ್ಟಿಸಿದ ಆ ಪಡಸಾಲೆಯ ನೆರಳು ಈಗಲೂ ಇದೆ; ಕಂಬ ಭದ್ರವಾಗಿದೆ, ಕೆಲಸ ಚೆನ್ನಾಗಿದೆ ಎಂದು ಹೊಗಳುವವರಿದ್ದಾರೆ. ಅಂದು ಮಲ್ಲಕ್ಕ ಆ ರಾಗಿಯನ್ನು ತೊಳೆದು, ಒಣಗಿಸಿ, ಬೀಸಲು ಕೂತಳು. ನೆರೆಯವಳು ಎಂದಿನಂತೆ ಮೂಗು ಮುಚ್ಚಿಕೊಂಡಳು. ಹಕ್ಕಿನ ಮಾತೆತ್ತದೆ ಮಲ್ಲಕ್ಕ ಮೆಲ್ಲಗೆ ಬೀಸಿದಳು.