ಅಕ್ಕ ಮೆಣಸಿನಕಾಯಿ ಸುಡಿಸಿದ ಪಾಠ

ದೃಷ್ಟಿ ತಾಗುತ್ತದೆ ಎಂಬುದಕ್ಕೆ ಪ್ರಮಾಣವೇನು ಎಂದು ನಾನು ಮನೆಯಲ್ಲಿ ಎಷ್ಟೋ ಸಲ ಕೇಳಿದ್ದೆ. ಗುಲ್ಬರ್ಗಾದ ಶಾಲೆಯಲ್ಲಿ ಚರ್ಚೆಗೆ ನಿಂತು ಗೆಲ್ಲುತ್ತಿದ್ದವನು. ಪ್ರಮಾಣ ಕೇಳುವುದು ಚಟವಾಗಿತ್ತು. ಉತ್ತರ ಬರುತ್ತಿರಲಿಲ್ಲ, ಬೈಗುಳ ಬರುತ್ತಿತ್ತು. ಆದರೆ ಒಂದು ಮಳೆಗಾಲದ ಮಧ್ಯಾಹ್ನ ನಮ್ಮೂರು ಚಿತ್ತಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ, ಸುಡುವ ಮೆಣಸಿನಕಾಯಿಗೆ ಘಾಟು ಬರಲಿ ಎಂದು ಒಳಗೊಳಗೇ ಬೇಡಿಕೊಂಡವನೂ ನಾನೇ.

ಅಕ್ಕ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಅವಳ ತಲೆಗೂದಲು ಇನ್ನೂ ಇತ್ತು. ಅದನ್ನು ತೆಗೆಸಿ ಕೆಂಪು ಸೀರೆ ಉಡಿಸಬೇಕೆಂದು ಸೇಡಂನ ಅತ್ತೆಮನೆಯವರು ಹೇಳಿಕಳಿಸುತ್ತಲೇ ಇದ್ದರು. ಅಪ್ಪ ಇಲ್ಲದ ನಮ್ಮ ಮನೆಯಲ್ಲಿ ದೊಡ್ಡಪ್ಪನದೇ ಕೊನೆಯ ಮಾತು. ಅವರ ಷರತ್ತು ಸರಳ: ಸರ್ಕಾರಿ ಶಾಲೆಯಲ್ಲಿ ಕೆಲಸ ಸಿಕ್ಕರೆ ಈಗ ಹೇಗಿದ್ದಾಳೋ ಹಾಗೇ ಇಲ್ಲಿರಲಿ, ಸಿಗದಿದ್ದರೆ ಸೇಡಂಗೆ ಹೋಗಿ ಅವರು ಹೇಳಿದಂತೆ ಕೇಳಲಿ.

ಕೆಲಸ ಕೊಡುವ ಮೊದಲು ಶಾಲೆಗಳ ತಪಾಸಣೆಗೆ ಬರುವ ಇನ್‌ಸ್ಪೆಕ್ಟರ್ ಬಾಯಿಯವರ ಮುಂದೆ ಒಂದು ಇಂಗ್ಲಿಷ್ ಪಾಠ ಮಾಡಿ ತೋರಿಸಬೇಕಿತ್ತು. ಒಂದಕ್ಕೊಂದು ಹೋಲಿಸುವ ಪಾಠ. ಅಡಿಗೆಮನೆಯಲ್ಲಿ ತಂಬಿಗೆ, ಕೊಡ, ಹಂಡೆ ಸಾಲಾಗಿಟ್ಟು ನಾನೇ ಅವಳಿಗೆ ಹೇಳಿಕೊಟ್ಟಿದ್ದೆ: ಬಿಗ್, ಬಿಗ್ಗರ್, ಬಿಗ್ಗೆಸ್ಟ್. ಅವಳು ಒಬ್ಬಳೇ ಹೊರಗೆ ಹೋಗುವಂತಿರಲಿಲ್ಲ, ಆದ್ದರಿಂದ ಆ ದಿನ ಪಾತ್ರೆಗಳ ಚೀಲ ಹೊತ್ತು ಜೊತೆಗೆ ಹೋದೆ.

ಶಾಲೆಯೆಂದರೆ ಬಾಡಿಗೆ ಮನೆಯ ಪಡಸಾಲೆ. ಹಿಂದಿನ ಕೋಣೆಯಲ್ಲಿ ಜವಾನನ ಸಂಸಾರ. ಹುಡುಗಿಯರು ಹಾಸುಗಲ್ಲಿನ ಮೇಲೆ ಕುಳಿತಿದ್ದರು. ಅವರ ತಾಯಂದಿರು ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು. ಬಾಯಿಯವರು ಪಾತ್ರೆಗಳನ್ನು ನೋಡಿ ತಲೆಯಾಡಿಸಿದರು. ಇದೇನು ಅಡಿಗೆಯ ಪಾಠವೇ, ಮಕ್ಕಳನ್ನೇ ನಿಲ್ಲಿಸಿ ಹೇಳಿಕೊಡು ಎಂದು ಆಗಿನ ಸರ್ಕಾರದ ಭಾಷೆ ಉರ್ದುವಿನಲ್ಲಿ ಅಪ್ಪಣೆ ಮಾಡಿದರು.

ಅಕ್ಕ ಬಾಗಿಲ ಕಡೆ ಒಮ್ಮೆ ನೋಡಿದಳು. ನನಗೂ ಗೊತ್ತಿತ್ತು. ನಮ್ಮ ಸೀಮೆಯಲ್ಲಿ ಮಕ್ಕಳನ್ನು ಪಕ್ಕಪಕ್ಕ ನಿಲ್ಲಿಸಿ ಇವಳು ಉದ್ದ, ಇವಳು ಗಿಡ್ಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಾಗೆಂದರೆ ಮಗುವಿಗೆ ದೃಷ್ಟಿಯಾಗುತ್ತದೆ. ಅದರಲ್ಲೂ ಹೇಳುವವಳು ಗಂಡ ಸತ್ತವಳು.

ಆದರೆ ಬಾಯಿಯವರು ಕಾಯುತ್ತಿದ್ದರು. ಅಕ್ಕ ಮೂವರನ್ನು ಎಬ್ಬಿಸಿದಳು. ಟಾಲ್ ಎಂದಳು, ಟಾಲರ್ ಎಂದಳು. ಕೊನೆಯ ಹುಡುಗಿಯ ಕಡೆ ಕೈಮಾಡಿ ಟಾಲೆಸ್ಟ್ ಎನ್ನುವಷ್ಟರಲ್ಲಿ ಅವಳ ತಾಯಿ ಒಳಗೆ ನುಗ್ಗಿ ಮಗಳ ರಟ್ಟೆ ಹಿಡಿದಳು.

"ನಾಕ್ ಮಂದ್ಯಾಗ ಹಿಂಗ ಕೈಮಾಡಿ ತೋರಸ್ತಾರೇನ್ರಿ ಬಾಯಾರ? ನನ್ನ ಹೊಟ್ಟ್ಯಾಗ ಹುಟ್ಟಿ ಉಳದಿದ್ದು ಇದೊಂದೇ. ಅದಕ್ಕೂ ನಿಮ್ಮ ಬಾಯೇ ಬೇಕಾಗಿತ್ತೇನು?" ಎಂದು ಅಕ್ಕನ ಮೇಲೆ ಹರಿಹಾಯ್ದಳು.

ಬಾಗಿಲಲ್ಲಿದ್ದವರು ತಮ್ಮ ತಮ್ಮ ಮಕ್ಕಳನ್ನು ಕರೆಯತೊಡಗಿದರು. ಹುಡುಗಿಯರೇ ಇಲ್ಲದ ಶಾಲೆಗೆ ಮಾಸ್ತರಬಾಯಿ ಯಾಕೆ? ಬಾಯಿಯವರ ಹುಬ್ಬು ಗಂಟಿಕ್ಕಿತು. ನನ್ನೊಳಗೆ ವಾದ ಸಿದ್ಧವಾಗಿತ್ತು: ಹೇಳುವುದರಿಂದ ಎತ್ತರಕ್ಕೆ ಕೇಡಾಗುವುದಾದರೆ ತೆಂಗಳಿ ಹೊಲಗಳ ಆಳೆತ್ತರದ ಜೋಳವನ್ನು ಯಾರೂ ಹೊಗಳಬಾರದಲ್ಲ, ಇತ್ಯಾದಿ. ಎದ್ದು ನಿಂತೆ.

"ತಮ್ಮಾ, ಕುಂದ್ರು," ಎಂದಳು ಅಕ್ಕ. ಆಮೇಲೆ ಆ ತಾಯಿಯ ಕಡೆ ತಿರುಗಿದಳು. "ಅಕ್ಕಾರ, ಸುಮ್ನ ಕರಕೊಂಡು ಹೋಗಬ್ಯಾಡ್ರಿ. ಇಲ್ಲೇ ದೃಷ್ಟಿ ತಗೀರಿ, ಎಲ್ಲಾರ ಮುಂದ. ಮೆಣಸಿನಕಾಯಿ ಘಾಟು ಬರಲಿಲ್ಲಂದ್ರ ನನ್ನ ಕಣ್ಣು ತಾಗ್ಯಾದ ಅಂತ ನಾನೇ ಒಪ್ತೀನಿ. ಈ ಸಾಲಿಗೆ ಮತ್ತ ಬರಂಗಿಲ್ಲ."

ದೃಷ್ಟಿ ತಾಗಿದ್ದರೆ ಬೆಂಕಿಗೆ ಹಾಕಿದ ಮೆಣಸಿನಕಾಯಿ ಸಪ್ಪಗೆ ಸುಡುತ್ತದೆ, ತಾಗದಿದ್ದರೆ ಘಾಟು ಏಳುತ್ತದೆ: ಇದು ಎಲ್ಲರೂ ಒಪ್ಪಿದ ಪರೀಕ್ಷೆ. ಮಕ್ಕಳನ್ನು ಕರೆಯುತ್ತಿದ್ದ ತಾಯಂದಿರು ನೋಡಲು ಬಾಗಿಲಲ್ಲೇ ನಿಂತರು. ಬಾಯಿಯವರು ಕುರ್ಚಿಯಲ್ಲಿ ಹಿಂದೆ ಸರಿದು ಕೂತರು.

ಜವಾನನ ಹೆಂಡತಿ ಉಪ್ಪು, ಮೆಣಸಿನಕಾಯಿ, ಒಂದು ಹೆಂಚಿನ ಚೂರಿನಲ್ಲಿ ಕೆಂಡ ತಂದಳು. ಅವಳ ಕೈಯಿಂದ ಇಸಿದುಕೊಂಡು ಬೆರಳಲ್ಲಿ ಒತ್ತಿ ನೋಡಿದೆ. ಮಳೆಯ ಥಂಡಿಗೆ ಮೆಣಸಿನಕಾಯಿ ಚರ್ಮದಂತೆ ಮೆತ್ತಗಾಗಿದ್ದವು. ಇವು ಹೊತ್ತುವುದೇ ಅನುಮಾನ. ಒಂದು ಹೆಣ್ಣಿನ ತಲೆಗೂದಲು ಇಂಥ ಥಂಡಿ ಹಿಡಿದ ಸಾಮಾನಿನ ಮೇಲೆ ನಿಂತಿದೆಯಲ್ಲ ಎಂದು ಸಿಟ್ಟೂ ಬಂತು. ಬೇರೆ ತರೋಣ ಎಂದರೆ ಮೋಸ ಎನ್ನುತ್ತಾರೆ.

ತಾಯಿ ಮಗಳ ಮುಖಕ್ಕೆ ನಿವಾಳಿಸಿ, ಉಗುಳಿಸಿ, ಕೆಂಡಕ್ಕೆ ಹಾಕಿದಳು. ಉಪ್ಪು ಚಟಚಟ ಎಂದಿತು. ಬಿಳಿ ಹೊಗೆ ಬಂತು. ಬರೀ ಹಸಿ ವಾಸನೆ. ಬಾಗಿಲಲ್ಲಿ ಒಬ್ಬಳು, "ನೋಡಿದ್ರೇನು?" ಎಂದಳು. ಅಕ್ಕ ಕದಲಲಿಲ್ಲ. ನಾನು ಕೆಂಡವನ್ನೇ ನೋಡುತ್ತಿದ್ದೆ. ಊದಲೂ ಬರುವಂತಿರಲಿಲ್ಲ.

ಮೊದಲು ಕೆಮ್ಮಿದವರು ಬಾಯಿಯವರು. ಆಮೇಲೆ ಮುಂದಿನ ಸಾಲಿನ ಹುಡುಗಿ, ನಾನು, ಕೊನೆಗೆ ಕೆಂಡದ ಹತ್ತಿರ ಬಗ್ಗಿದ್ದ ಆ ತಾಯಿ. ಕಣ್ಣು ಮೂಗಲ್ಲೆಲ್ಲ ನೀರು. ಅವಳು ಕೆಮ್ಮುತ್ತಲೇ ಹೆಂಚು ಹೊರಗಿಟ್ಟು ಬಂದು, ಮಗಳ ಬೆನ್ನಿಗೆ ಕೈಯಿಟ್ಟು ಸಾಲಿನತ್ತ ನೂಕಿದಳು.

"ಹೋಗು. ಬಾಯಾರು ಹೇಳ್ದಲ್ಲಿ ನಿಂದ್ರು."

ಬಾಯಿಯವರು ಕರವಸ್ತ್ರದಿಂದ ಕಣ್ಣೊರೆಸಿಕೊಂಡು ಪಾಠ ಮುಂದುವರಿಸಲು ಸನ್ನೆ ಮಾಡಿದರು. ಪಾಠ ಮುಗಿದ ಮೇಲೆ, ಸೋಮವಾರದಿಂದ ಬಾ ಎಂದರು.

ಮನೆಗೆ ನಡೆಯುವಾಗ ನಾನು ತಡೆಯಲಾರದೆ, ಮೆಣಸಿನಕಾಯಿ ಘಾಟಿನಿಂದ ಏನೂ ಸಿದ್ಧವಾಗುವುದಿಲ್ಲ, ಅವು ಇನ್ನಷ್ಟು ಹಸಿಯಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದೆ.

"ಸೇಡಂಗ ಹೋಗ್ತಿದ್ದೆ," ಎಂದಳು. ಪಾತ್ರೆಗಳ ಚೀಲಕ್ಕೆ ತಾನೂ ಕೈಹಾಕಿ, "ನಿನ್ನ ವಾದಾ ಯಾರ್ ಕೇಳ್ತಿದ್ರು ಅಲ್ಲಿ?" ಎಂದಳು.

ಮರುದಿನ ಮುಂಜಾನೆ ಅವಳು ಪಡಸಾಲೆಯಲ್ಲಿ, ಬಾಗಿಲು ತೆರೆದಿಟ್ಟೇ, ತಲೆಗೆ ಎಣ್ಣೆ ಹಚ್ಚಿಕೊಂಡಳು. ದೊಡ್ಡಪ್ಪ ಒಮ್ಮೆ ನೋಡಿದರು. ಸಂಧ್ಯಾವಂದನೆಗೆ ನೀರಿಟ್ಟಿದೆಯೇ ಎಂದು ಕೇಳಿ ಒಳಗೆ ಹೋದರು.